ಜಾರೋ ದಾರ, ಬಾಬಿನ್ನು, ಕೌದಿ: ಲಾಂಗ್‌ಆರ್ಮ್ ಮಿಷನ್ನಿಗೆ ಬಾಬಿನ್ ಸುತ್ತೋದು ಹೆಂಗೆ

ಬಾಬಿನ್ ಅಂದ್ರೆ ಹೊಲಿಗೆ ಮಿಷನ್ನಿನ ಕೆಳಗಡೆ ದಾರ ಇರೋ ಸಣ್ಣ ಉರುಳೆ, ಅದನ್ನ ಸುತ್ತೋದು ಬಳ್ಳಾರಿಯೋರಿಗೆ ಹೇಳಿಕೊಡಬೇಕಾ ಅಂತ ಕೇಳಬಹುದು ನೀವು. ಜೀನ್ಸ್ ಹೊಲಿಯೋ ಊರು ಇದು, ಕೌಲ್ ಬಜಾರ್ ಕಡೆ ಸಂದಿಯಲ್ಲಿ ನಡ್ಕೊಂಡು ಹೋದ್ರೆ ಮಿಷನ್ ಸದ್ದು ಕೇಳತೈತೆ, ಒಂದು ಕಡೆ ಪ್ಯಾಂಟಿನ ಕಾಲು ಕೂಡಿಸ್ತಾ ಇರ್ತಾರೆ, ಪಕ್ಕದಲ್ಲಿ ದಾರ ಸುತ್ತೋ ವೈಂಡರಿನಲ್ಲಿ ಮುಂದಿನ ಬಾಬಿನ್ ತಾನೇ ತುಂಬಿಕೊಳ್ತಾ ಇರತೈತೆ, ಅದರ ಕಡೆ ಯಾರೂ ತಿರುಗಿ ಸಹ ನೋಡಲ್ಲ. ನೋಡೋ ಅವಶ್ಯಕತೆನೂ ಇಲ್ಲ, ಯಾಕಂದ್ರೆ ಜೀನ್ಸ್ ದಾರ ಅಂಥದ್ದು.

ಆದ್ರೆ ಹೋದ ಬೇಸಿಗೆಯಲ್ಲಿ ನಮ್ಮ ಪರಿಚಯದ ಅಕ್ಕ ಒಬ್ಬರು ಫೋನ್ ಮಾಡಿದ್ರು. ಅವರು ಮೊದಲಿಂದ ಕೈಯಲ್ಲಿ ಕೌದಿ ಹೊಲಿಯೋರು, ಬೆಂಗಳೂರಿನಿಂದ ಆರ್ಡರ್ ಜಾಸ್ತಿ ಬರೋಕೆ ಶುರುವಾದ ಮೇಲೆ ನಾಲ್ಕು ಜನ ಸೇರಿ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಲಾಂಗ್‌ಆರ್ಮ್ ಮಿಷನ್ ತಗೊಂಡಿದ್ರು. "ಹೊಳೆಯೋ ದಾರ ಹಾಕಿದ್ರೆ ಸಾಕು ಕೆಳಗಡೆ ಗೂಡು ಕಟ್ಟತೈತೆ ನೋಡಪ್ಪ, ಮೆಕ್ಯಾನಿಕ್ ಮೂರು ಸಲ ಬಂದು ಹೋದ, ಮಿಷನ್ನೇ ಸರಿ ಇಲ್ಲ ಅನ್ಸತೈತೆ" ಅಂದ್ರು. ಹೋಗಿ ನೋಡಿದೆ. ಮಿಷನ್ನಿಗೆ ದೊಡ್ಡದೇನೂ ಆಗಿರಲಿಲ್ಲ. ಬಾಬಿನ್ ಕೈಗೆ ತಗೊಂಡು ಉಗುರಲ್ಲಿ ಒತ್ತಿದೆ, ಹತ್ತಿ ಒತ್ತಿದಂಗೆ ಒಳಗೆ ಹೋಯ್ತು. ತೊಂದರೆ ಬಹುಪಾಲು ಅಲ್ಲೇ ಇತ್ತು, ಸುತ್ತಿದ ರೀತಿಯಲ್ಲಿ. ಈಗ ನಮ್ಮ ಕಡೆ ಕೌದಿ ಕೆಲಸಕ್ಕೆ ಈ ಥರ ಮಿಷನ್ ತರಬೇಕು ಅಂತ ಕೇಳೋರು ಇನ್ನೂ ಇಬ್ಬರು ಮೂವರು ಸಿಕ್ಕಿದ್ರು, ಅದಕ್ಕೆ ಮೊದಲಿಂದ ಬಿಡಿಸಿ ಬರೀತಿದೀನಿ.

ಲಾಂಗ್‌ಆರ್ಮ್ ಅಂದ್ರೆ ಏನು

ಮನೆಯಲ್ಲಿರೋ ಹೊಲಿಗೆ ಮಿಷನ್ನಿನಲ್ಲಿ ಸೂಜಿಯಿಂದ ಬಲಗಡೆ ಕಂಬದ ತನಕ ಆರೇಳು ಇಂಚು ಜಾಗ ಇರತೈತೆ ಅಷ್ಟೇ. ಒಂದು ದೊಡ್ಡ ಕೌದಿನ ಅದರೊಳಗೆ ಸುರುಳಿ ಸುತ್ತಿ ತುರುಕಿ ಹೊಲಿಯೋದು ಎಷ್ಟು ಕಷ್ಟ ಅಂತ ಒಂದು ಸಲ ಮಾಡಿದೋರಿಗೆ ಗೊತ್ತು, ಹೆಗಲು ಬಿದ್ದು ಹೋಗತೈತೆ. ಲಾಂಗ್‌ಆರ್ಮಿನಲ್ಲಿ ಆ ಜಾಗ 18 ಇಂಚಿನಿಂದ 30 ಇಂಚಿನ ತನಕ ಇರತೈತೆ. ಇನ್ನೊಂದು ದೊಡ್ಡ ವ್ಯತ್ಯಾಸ ಅಂದ್ರೆ ಇಲ್ಲಿ ಬಟ್ಟೆ ಅಲ್ಲಾಡಲ್ಲ. ಮಂಚದಂಥ ಫ್ರೇಮಿನ ಮೇಲೆ ರೋಲರಿಗೆ ಬಟ್ಟೆ ಬಿಗಿದಿರ್ತಾರೆ, ಮಿಷನ್ನೇ ಗಾಲಿ ಮೇಲೆ ಹಿಂದೆ ಮುಂದೆ ಆಚೆ ಈಚೆ ಓಡಾಡತೈತೆ, ನಾವು ಹ್ಯಾಂಡಲ್ ಹಿಡ್ಕೊಂಡು ರಂಗೋಲಿ ಎಳೆ ಬಿಟ್ಟಂಗೆ ಅದನ್ನ ಓಡಿಸಬೇಕು. ಅಮೆರಿಕದಲ್ಲಿ ಕ್ವಿಲ್ಟ್ ಅಂತಾರಲ್ಲ, ಮೇಲೊಂದು ಬಟ್ಟೆ, ನಡುವೆ ಹತ್ತಿ ಪದರ, ಕೆಳಗೊಂದು ಬಟ್ಟೆ ಸೇರಿಸಿ ಹೊಲಿಯೋ ಹೊದಿಕೆ, ಅದಕ್ಕಾಗಿ ಬೆಳೆದ ಮಿಷನ್ ಇದು, ಗ್ಯಾಮಿಲ್ ಅಂತ ಮಿಸೌರಿ ರಾಜ್ಯದ ಕಂಪನಿ ಇದರಲ್ಲಿ ಹೆಸರುವಾಸಿ. ಹಳೇ ಸೀರೆ ಪದರ ಪದರ ಇಟ್ಟು ಹೊಲಿಯೋ ನಮ್ಮ ಕೌದಿಗೂ ಅದಕ್ಕೂ ಮೂಲ ಲೆಕ್ಕ ಒಂದೇ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಕೈ ಹೊಲಿಗೆ ಜಾಗಕ್ಕೆ ಇದು ಬರಲ್ಲ, ಬರಲೂಬಾರದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು, 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ 1,755 ಕಸೂತಿ ತುಣುಕುಗಳಿಗೆ ಗಿನ್ನೆಸ್ ದಾಖಲೆ ಬಂದಿದ್ದು, ಎಲ್ಲಾ ಕೈ ಕೆಲಸಕ್ಕೇ. ಮಿಷನ್ ಕೌದಿ ಬೇರೆ ಸರಕು, ಅದನ್ನ ಮಿಷನ್ ಕೌದಿ ಅಂತ ಹೇಳಿಯೇ ಮಾರಬೇಕು.

ಕೆಳಗಡೆ ಬಾಬಿನ್ ಏನು ಮಾಡತೈತೆ

ಮಿಷನ್ ಹೊಲಿಗೆ ಅಂದ್ರೆ ಎರಡು ದಾರ ಒಂದಕ್ಕೊಂದು ಕೊಂಡಿ ಹಾಕ್ಕೊಳ್ಳೋದು. ಸೂಜಿ ಮೇಲಿನ ದಾರಾನ ಕೆಳಗೆ ಒಯ್ಯತೈತೆ, ಅಲ್ಲಿ ಶಟಲ್ ಅನ್ನೋ ತಿರುಗೋ ಕೊಕ್ಕೆಯ ಮೂತಿ ಆ ದಾರದ ಕುಣಿಕೆ ಹಿಡಿದು ಬಾಬಿನ್ ಕೇಸಿನ, ಅಂದ್ರೆ ಬಾಬಿನ್ ಕೂರೋ ಡಬ್ಬಿಯ ಸುತ್ತ ಹಾಯಿಸತೈತೆ, ಹಂಗಾಗಿ ಕೆಳಗಿನ ದಾರ ಮೇಲಿನ ದಾರದೊಳಗೆ ಸಿಕ್ಕೊಳ್ತೈತೆ. ಎರಡೂ ದಾರದ ಎಳೆತ ಸಮ ಇದ್ರೆ ಕೊಂಡಿ ಬಟ್ಟೆ ನಡುವೆ ಬೀಳತೈತೆ, ಕಣ್ಣಿಗೆ ಕಾಣಲ್ಲ. ಹಗ್ಗ ಜಗ್ಗೋ ಆಟ ಇದ್ದಂಗೆ, ಕೆಳಗಿನೋರು ಕೈ ಸಡಿಲ ಬಿಟ್ರೆ ಗಂಟು ಮೇಲ್ಗಡೆ ಕಾಣತೈತೆ, ಜಾಸ್ತಿ ಜಗ್ಗಿದ್ರೆ ಕೆಳಗಡೆ.

ಮೇಲಿನ ದಾರಕ್ಕೆ ದಾರಿಯುದ್ದಕ್ಕೂ ಡಿಸ್ಕು, ಸ್ಪ್ರಿಂಗು, ಕೊಕ್ಕೆ ಅಂತ ಹತ್ತು ಕಾವಲುಗಾರರು ಇರ್ತಾರೆ. ಕೆಳಗಿನ ದಾರಕ್ಕೆ ಇರೋದು ಬಾಬಿನ್ ಕೇಸಿನ ಮೇಲಿನ ಒಂದು ಸಣ್ಣ ತಗಡು ಮತ್ತೆ ಅದರ ಸ್ಕ್ರೂ, ಅಷ್ಟೇ. ಅದಕ್ಕೆ ಬಾಬಿನ್ನಿನೊಳಗೆ ಒಂದು ಸುತ್ತು ಇನ್ನೊಂದು ಸುತ್ತಿನ ಕೆಳಗೆ ಸಿಕ್ಕೊಂಡ್ರೂ ಆ ತಡೆ ನೇರ ಹೊಲಿಗೆಗೆ ಬಂದು ಮುಟ್ಟತೈತೆ.

ಲಾಂಗ್‌ಆರ್ಮಿನಲ್ಲಿ ಇದು ಯಾಕೆ ಇನ್ನೂ ಸೂಕ್ಷ್ಮ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಇಂಚಿಗೆ 10 ಹೊಲಿಗೆ, ನಿಮಿಷಕ್ಕೆ 1,800 ಹೊಲಿಗೆ ಅಂತ ಇಟ್ಕೊಳ್ರಿ. ಸೆಕೆಂಡಿಗೆ 30 ಹೊಲಿಗೆ, ಅಂದ್ರೆ ಬಾಬಿನ್ನಿನಿಂದ ಸೆಕೆಂಡಿಗೆ ಹೆಚ್ಚುಕಮ್ಮಿ 75 ಮಿಲಿಮೀಟರ್ ದಾರ ಹೊರಗೆ ಬರಬೇಕು. ಲಾಂಗ್‌ಆರ್ಮಿನಲ್ಲಿ ಬಹಳ ಮಿಷನ್ನಿಗೆ ಬರೋದು ಎಂ ಸೈಜಿನ ಬಾಬಿನ್, ಅಗಲ ಸುಮಾರು 25 ಮಿಲಿಮೀಟರ್. ಅದು ತುಂಬಿದ್ದಾಗ ಸೆಕೆಂಡಿಗೆ ಒಂದು ಸುತ್ತು ತಿರುಗತೈತೆ, ಖಾಲಿ ಆಗ್ತಾ ಆಗ್ತಾ ಎರಡು ಎರಡೂವರೆ ಸುತ್ತಾಗತೈತೆ. ಈಗ ನೀವು ಬಳ್ಳಿ ಚಿತ್ರ ಬಿಡಿಸ್ತಾ ತುದಿಗೆ ಬಂದು ಟಕ್ ಅಂತ ನಿಲ್ಲಿಸ್ತೀರಿ, ಮಿಷನ್ ನಿಲ್ಲತೈತೆ, ಬಾಬಿನ್ ಮಾತ್ರ ಓಟದಲ್ಲೇ ಇನ್ನೂ ಸ್ವಲ್ಪ ತಿರುಗತೈತೆ. ಬಾವಿ ರಾಟೆ ಹಗ್ಗ ಬಿಟ್ಟ ಮೇಲೂ ತಿರುಗತೈತಲ್ಲ, ಹಂಗೆ. ಒರಟು ದಾರ ಆದ್ರೆ ಪಕ್ಕದ ಸುತ್ತಿಗೆ ಅಂಟ್ಕೊಂಡು ನಿಲ್ಲತೈತೆ. ಜಾರೋ ದಾರ ಸುರುಳಿ ಬಿಚ್ಚಿ ಕೇಸಿನೊಳಗೆ ಉದುರತೈತೆ, ಮುಂದಿನ ಹೊಲಿಗೆಗೆ ಅದೇ ಗೂಡು.

ದಾರ ಜಾರೋದು ಯಾಕೆ

ಲಂಗದ ಲಾಡಿ ನೆನಪು ಮಾಡ್ಕೊಳ್ರಿ. ಹತ್ತಿ ಲಾಡಿ ಒಂದು ಗಂಟು ಹಾಕಿದ್ರೆ ಸಂಜೆ ತನಕ ಕದಲಲ್ಲ, ಅದೇ ಸ್ಯಾಟಿನ್ ಲಾಡಿ ಆದ್ರೆ ಎರಡು ಗಂಟು ಹಾಕಿದ್ರೂ ಆಗಾಗ ಬಿಗಿ ಮಾಡ್ಕೊಳ್ತಾ ಇರಬೇಕು. ಬಾಬಿನ್ನಿನೊಳಗೆ ಆಗೋದೂ ಅದೇ.

ಹತ್ತಿ ದಾರ ಅಂದ್ರೆ ಗಿಡ್ಡ ಗಿಡ್ಡ ಎಳೆ ಸೇರಿಸಿ ಹೊಸೆದಿದ್ದು. ಬೆಳಕಿಗೆ ಹಿಡಿದು ನೋಡಿದ್ರೆ ಸುತ್ತಲೂ ಸಣ್ಣ ರೋಮ ಕಾಣತೈತೆ, ಆ ರೋಮವೇ ಒಂದು ಸುತ್ತನ್ನ ಇನ್ನೊಂದಕ್ಕೆ ಕಚ್ಚಿ ಹಿಡಿಯೋದು. ಜೀನ್ಸಿಗೆ ನಾವು ಹಾಕೋ ಸ್ಪನ್ ಪಾಲಿಯೆಸ್ಟರ್ ಸಹ ಹಂಗೇ, ಪಾಲಿಯೆಸ್ಟರ್ ಎಳೆಗಳನ್ನ ತುಂಡು ಮಾಡಿ ಹತ್ತಿ ಥರಾನೇ ನೂತಿರ್ತಾರೆ, ಅದಕ್ಕೇ ಹೆಂಗೆ ಸುತ್ತಿದ್ರೂ ನಡೀತೈತೆ. ಹೊಳೆಯೋ ಎಂಬ್ರಾಯಿಡರಿ ದಾರ ಫಿಲಮೆಂಟ್ ಜಾತಿ. ಕೋನಿಗೆ, ಅಂದ್ರೆ ದಾರದ ದೊಡ್ಡ ಉಂಡೆಗೆ ಸುತ್ತಿರೋ ದಾರದ ಈ ತುದಿಯಿಂದ ಆ ತುದಿ ತನಕ ಒಂದೇ ಉದ್ದನೆ ಎಳೆ, ಅಂಥವು ಒಂದಷ್ಟು ಸೇರಿ ಹೊಸೆದಿರ್ತಾರೆ, ರೋಮ ಇಲ್ಲ. ಟ್ರೈಲೋಬಲ್ ಅಂತ ಬರೋ ಪಾಲಿಯೆಸ್ಟರಿನಲ್ಲಿ ಒಂದೊಂದು ಎಳೆನೂ ಅಡ್ಡ ಕೊಯ್ದು ನೋಡಿದ್ರೆ ಮೂರು ಮೂಲೆ ಇರತೈತೆ, ಆ ಮುಖಗಳ ಮೇಲೆ ಬೆಳಕು ಬಿದ್ದು ಕನ್ನಡಿ ಚೂರಿನಂಗೆ ವಾಪಸ್ ಬರತೈತೆ, ಮಿಂಚು ಬರೋದು ಅದರಿಂದಲೇ. ರೇಯಾನ್ ದಾರನೂ ಹಂಗೇ ನುಣುಪು. ಎಲ್ಲಕ್ಕಿಂತ ಕಷ್ಟದ್ದು ಮೀನು ಹಿಡಿಯೋ ಗಾಳದ ದಾರದಂಥ ಪಾರದರ್ಶಕ ನೈಲಾನ್, ಒಂದೇ ಎಳೆ, ನುಣುಪೂ ಹೌದು, ರಬ್ಬರಿನಂಗೆ ಹಿಗ್ಗೋದೂ ಹೌದು.

ಹತ್ತಿ ರಾಶಿ ಹಾಕಿದ್ರೆ ಗುಡ್ಡದಂಗೆ ನಿಲ್ಲತೈತೆ. ಸಾಸಿವೆ ರಾಶಿ ಹಾಕ್ರಿ, ಹರಡಿ ಕೂಡತೈತೆ. ಬಾಬಿನ್ನಿನಲ್ಲಿ ಹತ್ತಿ ದಾರದ ಸುತ್ತುಗಳು ಹಾಕಿದ ಜಾಗದಲ್ಲೇ ಇರ್ತಾವೆ, ಫಿಲಮೆಂಟ್ ದಾರದ ಸುತ್ತುಗಳು ಜಾಗ ಹುಡುಕ್ಕೊಂಡು ಪಕ್ಕಕ್ಕೆ, ಕೆಳಗಿನ ಪದರದ ಸಂದಿಗೆ ಇಳೀತಾವೆ.

ದಪ್ಪದ ಲೆಕ್ಕ ಒಂದು ಸಾಲಿನಲ್ಲಿ ಹೇಳ್ಬಿಡ್ತೀನಿ. ಲೇಬಲ್ ಮೇಲೆ 40 ವೇಯ್ಟ್ ಅಂತ ಇದ್ರೆ 40 ಕಿಲೋಮೀಟರ್ ದಾರ ತೂಗಿದ್ರೆ ಒಂದು ಕೆಜಿ ಅಂತ ಅರ್ಥ, ಹಂಗಾಗಿ ನಂಬರ್ ದೊಡ್ಡದಾದಂಗೆ ದಾರ ಸಣ್ಣ, ನಮ್ಮ ಜೀನ್ಸ್ ದಾರದ ಟಿಕೆಟ್ ನಂಬರಿನಲ್ಲೂ ಹಂಗೇ, 120ಕ್ಕಿಂತ 30 ದಪ್ಪ.

ಬಿಗಿಯಾಗಿ ಸುತ್ತಿದ್ರೆ ಆಯ್ತಲ್ಲ ಅಂದ್ರೆ

ಎಲ್ಲರಿಗೂ ಮೊದಲು ಬರೋ ಯೋಚನೆ ಇದೇ, ಜಾರತೈತೆ ಅಂದ್ರೆ ವೈಂಡರಿನ ಟೆನ್ಷನ್ ಸ್ಕ್ರೂ ತಿರುಗಿಸಿ ಬಿಗಿ ಮಾಡೋದು. ನಾನು ಮಾಡಿದ ತಪ್ಪೂ ಇದೇನೇ. ಅದರಿಂದ ಬೇರೆ ಥರ ಹಾಳಾಗತೈತೆ, ಮತ್ತೆ ಅದು ಆಗಲೇ ಗೊತ್ತಾಗಲ್ಲ.

ಪಾಲಿಯೆಸ್ಟರ್, ನೈಲಾನ್ ಎರಡೂ ಎಳೆದ್ರೆ ಹಿಗ್ತಾವೆ. ಹಿಗ್ಗಿಸಿ ಸುತ್ತಿದ ದಾರ ಬಾಬಿನ್ನಿನಲ್ಲಿ ಹಂಗೇ ಹಿಗ್ಗಿಕೊಂಡೇ ಕೂತಿರತೈತೆ. ಬಟ್ಟೆಯೊಳಗೆ ಹೋದ ಮೇಲೆ ಅದಕ್ಕೆ ಬಿಡುಗಡೆ ಸಿಗತೈತೆ, ನಿಧಾನಕ್ಕೆ ತನ್ನ ಮೊದಲಿನ ಉದ್ದಕ್ಕೆ ವಾಪಸ್ ಬರೋಕೆ ನೋಡತೈತೆ, ಆಗ ಬಟ್ಟೆನೂ ಜೊತೆಗೆ ಎಳ್ಕೊಳ್ತೈತೆ. ಫ್ರೇಮಿನ ಮೇಲೆ ಬಿಗಿದಿದ್ದಾಗ ಚೆಂದ ಕಂಡ ಕೌದಿ ಬಿಚ್ಚಿ ಹಾಸಿದ ಮೇಲೆ, ಇಲ್ಲಾಂದ್ರೆ ಒಂದು ಸಲ ಒಗೆದ ಮೇಲೆ ಹಪ್ಪಳದಂಗೆ ಮುದುಡಿರತೈತೆ. ಆರ್ಡರ್ ಕೊಟ್ಟೋರ ಮನೆ ತಲುಪಿದ ಮೇಲೆ ಹಿಂಗಾದ್ರೆ ಎಷ್ಟು ನೋವಾಗತೈತೆ ಹೇಳ್ರಿ, ಹದಿನೈದು ದಿನದ ಕೆಲಸ.

ಇನ್ನೊಂದು, ಬಾಬಿನ್ನಿಗೇ ಪೆಟ್ಟು. ಎಂ ಬಾಬಿನ್ನಿಗೆ 100 ಮೀಟರ್ ದಾರ ಹಾಕಿದ್ರೆ ಸುಮಾರು ಎರಡು ಸಾವಿರ ಸುತ್ತು ಬೀಳತೈತೆ. ಒಂದೊಂದು ಸುತ್ತೂ ಒಂದು ಸಣ್ಣ ರಬ್ಬರ್ ಬ್ಯಾಂಡಿನಂಗೆ ಒಳಗೆ ಹಿಸುಕತೈತೆ, ನುಣುಪು ದಾರ ಆದ್ರೆ ಹಿಸುಕಿದ ಸುತ್ತುಗಳು ಪಕ್ಕಕ್ಕೆ ಜಾರಿ ಬಾಬಿನ್ನಿನ ಎರಡೂ ತಟ್ಟೆಗಳನ್ನ ಹೊರಗೆ ತಳ್ತಾವೆ. ಪ್ಲಾಸ್ಟಿಕ್ ಆದ್ರೆ ಬಿರುಕು ಬಿಡತೈತೆ, ಅಲ್ಯೂಮಿನಿಯಂ ಆದ್ರೆ ಸ್ವಲ್ಪ ಉಬ್ಬತೈತೆ. ಉಬ್ಬಿದ ಬಾಬಿನ್ ಕೇಸಿನೊಳಗೆ ಉಜ್ಜತೈತೆ, ತಡೆದು ತಡೆದು ತಿರುಗತೈತೆ, ನಾವು ಮೇಲಿನ ಟೆನ್ಷನ್ ತಿರುಗಿಸ್ತಾ ಕೂತ್ಕೊಳ್ತೀವಿ.

ಹಂಗಂತ ಸಡಿಲ ಬಿಟ್ರೆ ಅಕ್ಕನ ಮನೆಯಲ್ಲಿ ಆಗಿದ್ದೇ ಆಗತೈತೆ. ಮೇಲಿನ ಪದರ ಕೆಳಗಿನ ಪದರದೊಳಗೆ ಹೂತ್ಕೊಂಡು ಬಿಚ್ಚುವಾಗ ಸಿಕ್ಕೊಳ್ತೈತೆ, ಒಂದು ಗೇಣು ಸರಾಗ, ಒಂದು ಗೇಣು ಜಗ್ಗಾಟ. ಬುಗುರಿಗೆ ಜಾಟಿ ಸಡಿಲ ಸುತ್ತಿದ್ರೆ ಹೊಡೆದಾಗ ಬುಗುರಿ ತಿರುಗದೆ ಹಂಗೇ ಬೀಳತೈತೆ ಅಂತ ಸಣ್ಣ ಹುಡುಗರಿಗೂ ಗೊತ್ತು.

ಹದ ಇರೋದು ಇವೆರಡರ ನಡುವೆ. ದಾರಕ್ಕೆ ಮೊದಲಿಂದ ಕೊನೆ ತನಕ ಒಂದೇ ಸಮ ಹಿಡಿತ ಇರಬೇಕು, ಆ ಹಿಡಿತ ಹಗುರ ಇರಬೇಕು. ಸುತ್ತಿದ ಬಾಬಿನ್ ಒತ್ತಿದ್ರೆ ದೋರಗಾಯಿ ಪೇರಲಹಣ್ಣು ಒತ್ತಿದಂಗೆ ಇರಬೇಕು, ಗಟ್ಟಿ ಅನ್ನಿಸಬೇಕು ಆದ್ರೆ ಕಲ್ಲಾಗಿರಬಾರದು.

ಕೋನಿನಿಂದ ಬಾಬಿನ್ ತನಕ

ಮೊದಲು ಕೋನ್ ಎಲ್ಲಿಟ್ಟಿದೀರಿ ನೋಡ್ರಿ. ದಾರ ಕೋನಿನ ತಲೆ ಮೇಲಿಂದ ನೇರ ಮೇಲಕ್ಕೆ ಏಳಬೇಕು, ಮೇಲಿನ ಕೊಕ್ಕೆ ಕೋನಿನ ನಡುಮಧ್ಯಕ್ಕೆ ಸರಿಯಾಗಿ ಇರಬೇಕು, ಎತ್ತರ ಕೋನಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ಇದ್ರೆ ಒಳ್ಳೇದು. ಕೊಕ್ಕೆ ಒಂದು ಕಡೆ ವಾಲಿದ್ರೆ ದಾರ ಪ್ರತಿ ಸುತ್ತಿಗೂ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಬರತೈತೆ, ಆ ಏರಿಳಿತವೇ ಬಾಬಿನ್ನಿಗೆ ಹೋಗಿ ಕೂಡತೈತೆ.

ನುಣುಪು ದಾರ ಕೋನಿನ ಮೇಲಿಂದಾನೂ ಜಾರತೈತೆ, ಪದರ ಪದರ ಉದುರಿ ಬುಡದಲ್ಲಿ ಸುರುಳಿ ಬೀಳತೈತೆ, ಆಮೇಲೆ ಕಡ್ಡಿಗೆ ಸುತ್ತಿಕೊಂಡು ತಟ್ ಅಂತ ಹರಿಯತೈತೆ. ಇದಕ್ಕೆ ನೆಟ್ ಹಾಕೋದೇ ಸುಲಭದ ದಾರಿ. ಅಂಗಡಿಯಲ್ಲಿ ಸೇಬು, ಪೇರಲಹಣ್ಣಿಗೆ ಹಾಕಿರೋ ಬಿಳಿ ಫೋಮ್ ಬಲೆ ಅಲ್ಲ, ಅದು ದಪ್ಪ, ದಾರದ ಅಂಗಡಿಯಲ್ಲಿ ಸಿಗೋ ತೆಳು ನೈಲಾನ್ ಬಲೆ. ಬುಡದಿಂದ ಹಾಕಿ ಮೇಲಿನ ತುದಿ ಒಳಗೆ ಮಡಚಿ, ದಾರ ಬಲೆ ಕಣ್ಣಿಗೆ ಸಿಗದಂಗೆ ಮೇಲಿಂದ ಬಿಡಬೇಕು. ಕೋನಿನ ಕೆಳಗೆ ಒಂದು ತುಂಡು ಸ್ಪಂಜು ಇಟ್ರೆ ಉದುರಿದ ಸುತ್ತು ಅಡಿಗೆ ಸೇರಲ್ಲ.

ಸಣ್ಣ ರೀಲಿನಲ್ಲಿ ದಾರ ಬಂದಿದ್ರೆ ಅದು ಯಾವ ಥರ ಸುತ್ತಿದೆ ನೋಡ್ಕೊಳ್ರಿ. ಓರೆ ಓರೆ ಗೀಟು ಹಾಕಿದಂಗೆ ಅಡ್ಡಾದಿಡ್ಡಿ ಸುತ್ತಿದ್ರೆ ಮೇಲಿಂದ ಎಳೀಬಹುದು. ಒಂದರ ಪಕ್ಕ ಒಂದು ನೇರ ಸುತ್ತಿದ್ರೆ ರೀಲನ್ನ ಅಡ್ಡ ಮಲಗಿಸಿ ಅದೇ ತಿರುಗೋ ಹಂಗೆ ಇಟ್ಟು ಪಕ್ಕದಿಂದ ಬಿಡಬೇಕು. ಇಲ್ಲಾಂದ್ರೆ ಪ್ರತಿ ಸುತ್ತಿಗೂ ದಾರಕ್ಕೆ ಒಂದು ಹುರಿ ಸೇರ್ತಾ ಹೋಗತೈತೆ, ದಾರ ಸಡಿಲ ಸಿಕ್ಕಲ್ಲಿ ಹಾವಿನಂಗೆ ತನ್ನನ್ನೇ ಸುತ್ತಿಕೊಳ್ಳೋಕೆ ಶುರು ಮಾಡತೈತೆ.

ಆಮೇಲೆ ಹಿಡಿತ. ವೈಂಡರಿನಲ್ಲಿ ದಾರ ಹಿಡಿಯೋ ಡಿಸ್ಕಿನ ಸ್ಕ್ರೂ ಬಿಗಿ ಮಾಡೋ ಬದಲು ದಾರದ ದಾರಿ ಉದ್ದ ಮಾಡ್ರಿ. ಬಹಳ ವೈಂಡರಿನಲ್ಲಿ ಎರಡು ಮೂರು ತೂತಿನ ಒಂದು ಪಟ್ಟಿ ಇರತೈತೆ, ಹತ್ತಿ ದಾರಕ್ಕೆ ಒಂದೇ ತೂತಲ್ಲಿ ಹಾಯಿಸ್ತೀವಲ್ಲ, ನುಣುಪು ದಾರಕ್ಕೆ ಮೂರರಲ್ಲೂ ಹೂ ಕಟ್ಟಿದಂಗೆ ಒಳಗೆ ಹೊರಗೆ ಹಾಯಿಸ್ರಿ. ಒಂದೇ ಜಾಗದಲ್ಲಿ ಹಿಸುಕೋದಕ್ಕಿಂತ ನಾಲ್ಕು ಜಾಗದಲ್ಲಿ ಮೆಲ್ಲಗೆ ತಡೆದ್ರೆ ದಾರ ಹಿಗ್ಗಲ್ಲ, ಓಡಾಟನೂ ಸಮ ಆಗತೈತೆ. ದಾರ ಎರಡು ಡಿಸ್ಕಿನ ನಡುವೆ ಸರಿಯಾಗಿ ಒಳಗೆ ಹೋಗಿ ಕೂತಿದೆಯಾ ಅಂತ ಜಗ್ಗಿ ನೋಡ್ರಿ, ನುಣುಪು ದಾರ ಡಿಸ್ಕಿನ ಅಂಚಿನ ಮೇಲೇ ಜಾರ್ಕೊಂಡು ಹೋಗ್ತಾ ಇರತೈತೆ, ನಮಗೆ ಒಳಗಿದೆ ಅನ್ಸಿರತೈತೆ. ಬೆರಳಲ್ಲಿ ಹಿಡಿದು ಸುತ್ತೋ ಅಭ್ಯಾಸ ಬಹಳ ಜನಕ್ಕೈತೆ, ದಯವಿಟ್ಟು ಬಿಡ್ರಿ, ಕೈ ಹಿಡಿತ ಒಂದೊಂದು ಕ್ಷಣ ಒಂದೊಂದು ಥರ ಇರತೈತೆ, ಜೋರಾಗಿ ಓಡೋ ಪಾಲಿಯೆಸ್ಟರ್ ಬೆರಳು ಕೊಯ್ಯತೈತೆ ಸಹ.

ಶುರು ಮಾಡುವಾಗ ಬಾಬಿನ್ ಪೂರ್ತಿ ಖಾಲಿ ಇರಬೇಕು, ಹಳೇ ದಾರದ ಮೇಲೆ ಸುತ್ತಬಾರದು, ಬುನಾದಿ ಏರುಪೇರಾಗತೈತೆ. ನುಣುಪು ದಾರ ಖಾಲಿ ಬಾಬಿನ್ನಿನ ನಡುಗಂಬಕ್ಕೆ ಹಿಡ್ಕೊಳ್ಳಲ್ಲ, ಬಾಬಿನ್ ತಿರುಗತೈತೆ ದಾರ ಅಲ್ಲೇ ನಿಂತಿರತೈತೆ. ಅದಕ್ಕೆ ತುದಿಯನ್ನ ತೂತಿನಲ್ಲಿ ಒಳಗಿಂದ ಹೊರಗೆ ತೆಗೆದು, ವೈಂಡರ್ ತಿರುಗೋ ದಿಕ್ಕಿನಲ್ಲೇ ಕೈಯಿಂದ ಎಂಟು ಹತ್ತು ಸುತ್ತು ಹಾಕಿ, ತುದಿ ಹಿಡ್ಕೊಂಡು ಮೆಲ್ಲಗೆ ಶುರು ಮಾಡ್ರಿ. ಒಂದು ಪದರ ಬಿದ್ದ ಮೇಲೆ ನಿಲ್ಲಿಸಿ ಹೊರಗಿರೋ ತುದಿನ ತಟ್ಟೆಗೆ ಸರಿಯಾಗಿ ಕತ್ತರಿಸ್ಬೇಕು. ಇದನ್ನ ಬಹಳ ಜನ ಮರೀತಾರೆ. ಅರ್ಧ ಇಂಚು ತುದಿ ಬಿಟ್ರೂ ಅದು ಕೇಸಿನೊಳಗೆ ಮುದುಡಿ ಓಡೋ ದಾರದ ಜೊತೆ ಸಿಕ್ಕೊಳ್ತೈತೆ.

ಸ್ಪೀಡು ಅರ್ಧಕ್ಕಿಂತ ಕಮ್ಮಿ ಇರ್ಲಿ. ಹೊಲಿಯುವಾಗ ಸೆಕೆಂಡಿಗೆ ಒಂದೆರಡು ಸುತ್ತು ತಿರುಗೋ ಬಾಬಿನ್ ವೈಂಡರಿನಲ್ಲಿ ಅದರ ಎಷ್ಟೋ ಪಟ್ಟು ಜೋರಾಗಿ ತಿರುಗತೈತೆ, ಆ ಓಟದಲ್ಲಿ ದಾರ ಡಿಸ್ಕಿಗೆ ಉಜ್ಜಿ ಬಿಸಿ ಆಗತೈತೆ, ಬಿಸಿ ಆದ ಪಾಲಿಯೆಸ್ಟರ್ ಇನ್ನೂ ಸುಲಭಕ್ಕೆ ಹಿಗ್ಗತೈತೆ. ತುಂಬ್ತಾ ಇರುವಾಗ ಪಕ್ಕದಿಂದ ಕಣ್ಣಿಟ್ಟು ನೋಡ್ರಿ, ಮೇಲ್ಮೈ ಒಂದೇ ಮಟ್ಟ ಇರಬೇಕು. ಒಂದು ಕಡೆ ಗುಡ್ಡ ಏಳ್ತಿದ್ರೆ ಡಿಸ್ಕಿನ ಎತ್ತರ ಬಾಬಿನ್ನಿನ ನಡುವಿಗೆ ಸರಿ ಇಲ್ಲ ಅಂತ, ಗುಡ್ಡ ಇರೋ ಕಡೆಯಿಂದ ಸ್ವಲ್ಪ ಸರಿಸಬೇಕು. ಹತ್ತಿ ದಾರದಲ್ಲಿ ಗುಡ್ಡ ಎದ್ರೆ ಬರೀ ನೋಡೋಕೆ ಕೆಟ್ಟದು, ನುಣುಪು ದಾರದಲ್ಲಿ ಆ ಗುಡ್ಡ ಕುಸೀತೈತೆ. ತಟ್ಟೆ ಅಂಚಿನ ತನಕ ತುಂಬಬೇಡ್ರಿ, ಸ್ವಲ್ಪ ಕೆಳಗೇ ನಿಲ್ಲಿಸ್ರಿ. ಪಾರದರ್ಶಕ ನೈಲಾನ್ ಆದ್ರೆ ಅರ್ಧ ಬಾಬಿನ್ ಸಾಕು, ಅದೂ ಇನ್ನೂ ನಿಧಾನಕ್ಕೆ.

ನಮ್ಮ ಬಿಸಿಲು

ಹತ್ತಿ ಗಾಳಿಯ ತೇವ ಹಿಡ್ಕೊಳ್ತೈತೆ, ತನ್ನ ತೂಕದ ಶೇಕಡ 8ರಷ್ಟು. ಪಾಲಿಯೆಸ್ಟರ್ ಶೇಕಡ ಅರ್ಧನೂ ಹಿಡಿಯಲ್ಲ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಗಾಳಿ ಒಣಗಿದಾಗ ಈ ದಾರ ಉಜ್ಜಿ ಉಜ್ಜಿ ಸ್ಟಾಟಿಕ್ ಕರೆಂಟ್ ತುಂಬ್ಕೊಳ್ತೈತೆ, ಟೆರಿಕಾಟ್ ಅಂಗಿ ಬಿಚ್ಚುವಾಗ ಚಟಚಟ ಅಂತೈತಲ್ಲ ಅದೇ. ಆಗ ದಾರ ಸಿಕ್ಕಿದ್ದಕ್ಕೆಲ್ಲ ಅಂಟ್ಕೊಳ್ತೈತೆ, ಸುತ್ತುಗಳು ಒಂದನ್ನೊಂದು ದೂಡ್ತಾವೆ. ಆ ದಿನಗಳಲ್ಲಿ ಬೆಳಿಗ್ಗೆ ತಂಪಿನಲ್ಲೇ ದಿನಕ್ಕೆ ಬೇಕಾದಷ್ಟು ಬಾಬಿನ್ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡೋದು, ಕೋಣೆಯಲ್ಲಿ ಒದ್ದೆ ಬಟ್ಟೆ ಹರವೋದು, ಇಷ್ಟಕ್ಕೇ ಬಹಳ ಫರಕ್ ಕಾಣತೈತೆ. ತಗಡಿನ ಶೆಡ್ಡಿನ ಕಿಟಕಿ ಹತ್ರ ಬಿಸಿಲಿಗೆ ಕೋನ್ ಇಡಬೇಡ್ರಿ.

ಕೆಳಗೆ ಹೊಳೆಯೋ ದಾರವೇ ಬೇಕಾ

ಇದನ್ನ ಮೊದಲೇ ಕೇಳ್ಕೊಳ್ಳೋದು ಒಳ್ಳೇದು. ಮಿಂಚು ಮೇಲ್ಗಡೆ ಕಂಡ್ರೆ ಸಾಕು ಅಂದ್ರೆ ಬಾಬಿನ್ನಿಗೆ ಅದೇ ಬಣ್ಣದ, ಹೊಳಪಿಲ್ಲದ ಸಣ್ಣ ಸ್ಪನ್ ಪಾಲಿಯೆಸ್ಟರ್ ಹಾಕಬಹುದು, 60 ವೇಯ್ಟಿನಷ್ಟು ಸಣ್ಣದಾದ್ರೆ ಒಂದು ಬಾಬಿನ್ನಿನಲ್ಲಿ ಜಾಸ್ತಿ ದೂರನೂ ಹೋಗತೈತೆ. ಕೌದಿ ಎರಡೂ ಕಡೆ ಹೊದೀತಾರೆ, ಎರಡೂ ಕಡೆ ಮಿಂಚಬೇಕು ಅಂದ್ರೆ ಆಗ ಬೇರೆ ದಾರಿ ಇಲ್ಲ. ಫ್ಯಾಕ್ಟರಿಯಲ್ಲೇ ಸುತ್ತಿದ ರೆಡಿ ಬಾಬಿನ್ ಸಹ ಬರ್ತಾವೆ, ಸುತ್ತಿದ್ದು ಬಹಳ ಸಮ ಇರತೈತೆ, ಬಣ್ಣ ಮಾತ್ರ ಕಮ್ಮಿ.

ಕೇಸಿಗೆ ಹಾಕಿ ನೋಡೋದು

ಬಾಬಿನ್ ಕೇಸಿನೊಳಗೆ ಹಿಂದೆ ಒಂದು ತೆಳು ತಗಡಿನ ಸ್ಪ್ರಿಂಗ್ ಇರಬೇಕು, ಮಿಷನ್ ನಿಂತಾಗ ಬಾಬಿನ್ ಓಡದಂಗೆ ಹಿಡಿಯೋದು ಅದರ ಕೆಲಸ. ಸೆಕೆಂಡ್ ಹ್ಯಾಂಡ್ ಮಿಷನ್ನಿನಲ್ಲಿ ಇದು ಬಿದ್ದು ಹೋಗಿರತೈತೆ ಇಲ್ಲಾಂದ್ರೆ ಚಪ್ಪಟೆ ಆಗಿರತೈತೆ, ಅಕ್ಕನ ಮಿಷನ್ನಿನಲ್ಲೂ ಚಪ್ಪಟೆ ಆಗಿತ್ತು, ಹೊಸದು ಹಾಕಿಸಿದ್ವಿ.

ಬಾಬಿನ್ ಹಾಕಿದ ಕೇಸನ್ನ ಅಂಗೈ ಮೇಲೆ ಮಲಗಿಸಿ ದಾರ ಮೆಲ್ಲಗೆ ಮೇಲಕ್ಕೆ ಎತ್ರಿ. ಕೇಸು ಎದ್ದು ಅಂಚಿನ ಮೇಲೆ ನಿಲ್ಲಬೇಕು, ಆದ್ರೆ ಅಂಗೈ ಬಿಟ್ಟು ಮೇಲೆ ಬರಬಾರದು. ಮಲಗಿದಲ್ಲೇ ಇದ್ದು ದಾರ ಸುರಸುರ ಬಂದ್ರೆ ಸಡಿಲ, ಪೂರ್ತಿ ಎದ್ದು ಜೋತಾಡಿದ್ರೆ ಬಿಗಿ. ಸ್ಕ್ರೂ ತಿರುಗಿಸೋದಿದ್ರೆ ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟೇ ತಿರುಗಿಸಿ ಮತ್ತೆ ನೋಡ್ಬೇಕು.

ಹಂಗೇ ಒಂದು ಮೊಳ ದಾರ ಕೈಯಿಂದ ನಿಧಾನಕ್ಕೆ ಎಳೆದು ನೋಡ್ರಿ. ಬೆರಳಿಗೆ ಒಂದೇ ಸಮ ಬರತೈತೆ ಅಂದ್ರೆ ಸುತ್ತಿದ್ದು ಸರಿ ಐತೆ, ಆಮೇಲೆ ಬೇಕಾದ್ರೆ ಸ್ಕ್ರೂ ಮುಟ್ರಿ. ನಡುನಡುವೆ ಟಿಕ್ ಟಿಕ್ ಅಂತ ಹಿಡಿದು ಬಿಟ್ಟಂಗಾದ್ರೆ ಸ್ಕ್ರೂ ಮುಟ್ಟಬೇಡ್ರಿ, ಮೆಕ್ಯಾನಿಕ್ಕಿಗೂ ಫೋನ್ ಮಾಡಬೇಡ್ರಿ, ಆ ಬಾಬಿನ್ ಬಿಚ್ಚಿ ಇನ್ನೊಂದು ಸಲ ನಿಧಾನಕ್ಕೆ ಸುತ್ರಿ.